ಹೆಪ್ಪು ಕದ್ದ ಕೈ

ಪಾಳಿ ಮುಗಿದ ಮೇಲೆ ಹೆಂಗಸರು ಕಾರ್ಖಾನೆಯ ಗೇಟಿನ ಮುಂದೆ ಸಾಲಾಗಿ ನಿಲ್ಲಬೇಕು. ಚಪ್ಪಲಿ ಕಳಚಿ ಕೊಡವಬೇಕು. ಊಟದ ಡಬ್ಬಿ ಬೋರಲು ಹಾಕಬೇಕು. ಜಡೆ ಬಿಚ್ಚಬೇಕು. ಬಾಯಿ ತೆರೆದು ನಾಲಿಗೆ ಎತ್ತಬೇಕು. ಕೊನೆಗೆ ಎರಡೂ ಅಂಗೈ ಮುಂದೆ ಚಾಚಬೇಕು. ಗೇಟಿನ ಕಾವಲಿನವಳು ಟಾರ್ಚು ಬಿಟ್ಟು ನೋಡುತ್ತಾಳೆ. ಗಂಡಸರಿಗೆ ಇದ್ಯಾವುದೂ ಇಲ್ಲ. ಲ್ಯಾಬಿನವರ ವಿಷಯವಂತೂ ಕೇಳಲೇಬೇಡಿ, ಅವರು ಪಕ್ಕದ ಬಾಗಿಲಿಂದ ಸೀಟಿ ಹಾಕಿಕೊಂಡು ಹೋಗುತ್ತಾರೆ.

ಆ ಸಂಜೆ ಕಾವಲಿನವಳು ಒಂದು ಜೊತೆ ಕೈ ಹಿಡಿದವಳು ಬಿಡಲೇ ಇಲ್ಲ.

"ಸಾರ್, ಇಲ್ಲಿ ನೋಡಿ."

ಮ್ಯಾನೇಜರು ಬಂದು ನೋಡಿದರು. ಅಂಗೈ ಹಳದಿಯಾಗಿತ್ತು. ಬೆರಳ ಸಂದಿಯಲ್ಲಿ, ಉಗುರಿನ ಬುಡದಲ್ಲಿ, ಕೈಯ ಗೆರೆಗಳಲ್ಲಿ ಬಣ್ಣ ಇಳಿದುಬಿಟ್ಟಿತ್ತು. ಸೋಸುವ ಶೆಡ್ಡಿನ ಹಿರಿಯ ಕೆಲಸದವಳ ಕೈ ಅದು.

"ಶೀಸೆ! ಬಾರೋ ಇಲ್ಲಿ," ಎಂದು ಮ್ಯಾನೇಜರು ಲ್ಯಾಬಿನ ಕಡೆ ಕೂಗಿದರು.

ಶೀಸೆ ಓಡಿಬಂದ. ಲ್ಯಾಬಿಗೆ ಶೀಸೆ ತೊಳೆಯಲು ಸೇರಿದವನು, ಸಂಜೆ ಕಾಲೇಜಿನಲ್ಲಿ ಓದಿ ಪರೀಕ್ಷೆ ಮಾಡುವ ಮಟ್ಟಕ್ಕೆ ಬಂದಿದ್ದ. ಹೆಸರು ಮಾತ್ರ ಶೀಸೆ ಅಂತಲೇ ಅಂಟಿಕೊಂಡಿತು. ಮುಂದಿನ ತಿಂಗಳು ಅವನ ಕೆಲಸ ಕಾಯಂ ಆಗುವುದಿತ್ತು. ಆ ಹಳದಿ ಕೈ ಅವನ ಅತ್ತಿಗೆಯದು. ಅಣ್ಣ ತೀರಿಹೋದ ಮೇಲೂ ಅವನ ತಟ್ಟೆಗೆ ಊಟ ಹಾಕುತ್ತಿದ್ದ ಕೈ.

"ನೀನು ಓದಿದವನು. ಇದು ಯಾವ ಬಣ್ಣ ಹೇಳು."

ಅತ್ತಿಗೆ ಅವನ ಮುಖ ನೋಡಿದಳು. ಆ ನೋಟದಲ್ಲಿ ಹೆದರಿಕೆಯೇ ಇರಲಿಲ್ಲ. ನಮ್ಮವನೇ ಬಂದನಲ್ಲ, ಇನ್ನೇನು ಹೇಳಿಬಿಡುತ್ತಾನೆ ಅನ್ನುವ ನಂಬಿಕೆ ಇತ್ತು.

"ಹೆಪ್ಪಿಂದೇ ಸಾರ್," ಅಂದ ಶೀಸೆ.

ಸುಳ್ಳೇನಲ್ಲ. ಆದರೆ ಪೂರ್ತಿ ಹೇಳಲಿಲ್ಲ. ಅರ್ಧ ನಿಜ ಹೇಳಿ ಪೂರ್ತಿ ಮೋಸ ಮಾಡಬಹುದು ಅಂತ ಅವನಿಗೆ ಗೊತ್ತಾದದ್ದು ಆವತ್ತೇ.

ಹೆಪ್ಪು ಅಂದರೆ ಹಾಲಿಗೆ ಹಾಕುವ ಹೆಪ್ಪಲ್ಲ. ಅಲ್ಲಿ ತಯಾರಾಗುವುದು ಔಷಧಿಯ ಪುಡಿ. ಆ ಔಷಧಿಯ ಕಣಕ್ಕೆ ನಮ್ಮ ಎರಡು ಕೈಗಳ ಹಾಗೆ ಎಡ, ಬಲ ಅಂತ ಎರಡು ರೂಪ. ನೋಡಲು ಒಂದೇ, ಆದರೆ ಬಲಗೈ ಗವಸು ಎಡಗೈಗೆ ಹಿಡಿಯುತ್ತದೆಯೇ? ಒಂದು ರೂಪ ರೋಗ ವಾಸಿಮಾಡುತ್ತದೆ, ಇನ್ನೊಂದು ಹೊಸ ರೋಗ ತರುತ್ತದೆ. ದೊಡ್ಡ ಉಕ್ಕಿನ ಹಂಡೆಯೊಳಗೆ ಹೈಡ್ರೋಜನ್ ಗಾಳಿ ತುಂಬಿ ಕುದಿಸುವಾಗ ಬೇಕಾದ ರೂಪವನ್ನಷ್ಟೇ ಹುಟ್ಟಿಸುವುದಕ್ಕೆ ಒಂದು ಲೋಹದ ಮದ್ದು ಬೇಕು. ಚಿನ್ನಕ್ಕಿಂತ ತುಟ್ಟಿ. ಚೂರು ಹಾಕಿದರೆ ಸಾಕು, ಹಂಡೆ ಪೂರ್ತಿ ಪಾಕ ಬದಲಾಗುತ್ತದೆ, ಮದ್ದು ಮಾತ್ರ ಹಾಗೇ ಉಳಿಯುತ್ತದೆ. ಅದಕ್ಕೇ ಶೆಡ್ಡಿನ ಹೆಂಗಸರು ಅದನ್ನು ಹೆಪ್ಪು ಅಂದರು. ಆ ಲೋಹವನ್ನು ಸಾಸಿವೆಗಿಂತ ಸಣ್ಣ ಮಣಿಗಳಿಗೆ ಅಂಟಿಸಿರುತ್ತಾರೆ. ಕೆಲಸ ಮುಗಿದ ಮೇಲೆ ಬಟ್ಟೆಯಲ್ಲಿ ಸೋಸಿ, ಮಣಿ ಕೆರೆದು, ಸ್ಪಿರಿಟ್ಟಿನಲ್ಲಿ ತೊಳೆದು, ಒಣಗಲು ಬಿಡದೆ ಮತ್ತೆ ಹಂಡೆಗೆ. ಒಣಗಿದರೆ ಗಾಳಿ ತಾಗಿ ಹೊತ್ತಿಕೊಳ್ಳುತ್ತದೆ. ಸೋಸುವವರು, ಕೆರೆಯುವವರು ಹೆಂಗಸರು; ಸೋಸಿದ ಬಟ್ಟೆ ಹಿಂಡುವುದು ಅತ್ತಿಗೆಯ ಕೆಲಸ. ಕೈಗವಸು ತಿಂಗಳಿಗೆ ಒಂದೇ ಜೊತೆ, ವಾರಕ್ಕೆ ಹರಿದು ಚಿಂದಿ.

"ಇಪ್ಪತ್ತು ಸಲ ಓಡುತ್ತೆ ಈ ಮಣಿ," ಎಂದು ಮ್ಯಾನೇಜರು ಮಾಲೀಕರ ಮುಂದೆ ಎದೆ ತಟ್ಟಿಕೊಂಡಿದ್ದರು. ಮಣಿ ಆರನೇ ಸಲಕ್ಕೇ ಕೈಕೊಟ್ಟಿತು. ಅಂಟಿಕೊಂಡಿದ್ದ ಲೋಹ ಬಿಟ್ಟುಕೊಂಡು ಸೋಸಿದ ದ್ರವದೊಳಗೆ ಇಳಿಯತೊಡಗಿತು. ನೀರಿನ ಹಾಗೆ ತಿಳಿಯಾಗಿ ಬರಬೇಕಾದ ದ್ರವ ಹಳದಿಯಾಗಿ ಬಂತು. ಮೊದಲು ನೋಡಿದವನು ಶೀಸೆ.

"ಇದ್ದಿಲ ಪುಡಿ ಹಾಕಿ ಬಣ್ಣ ತೆಗಿ. ಬಾಯಿ ಮುಚ್ಕೊಂಡಿರು," ಅಂದರು ಮ್ಯಾನೇಜರು. "ಕಾಯಂ ಆಗ್ಬೇಕು ತಾನೇ ನೀನು?"

ಶೀಸೆ ಹಾಕಿದ. ಇದ್ದಿಲು ಬಣ್ಣವನ್ನೂ ಲೋಹವನ್ನೂ ಕುಡಿದು ಕೆಸರಾಗಿ ತಳಕ್ಕೆ ಕೂತಿತು. ಆ ಕೆಸರನ್ನು ಗೋಡೆಯ ಹಿಂದಿನ ರಾಶಿಗೆ ಸುರಿದ. ಮುಂದಿನ ಸಲವೂ ಅದೇ, ಅದರ ಮುಂದಿನ ಸಲವೂ ಅದೇ. ಆಮೇಲೆ ಮಾಲೀಕರು ಮಣಿಯನ್ನು ಹೊರಗೆ ಪರೀಕ್ಷೆಗೆ ಕಳಿಸಿದರು. ಅರ್ಧ ಲೋಹವೇ ಇಲ್ಲ! ಮ್ಯಾನೇಜರು ಕ್ಷಣವೂ ತಡಮಾಡಲಿಲ್ಲ. "ಹೆಂಗಸರು ಕದ್ದು, ಬರೀ ಮಣಿ ಬೆರೆಸಿಟ್ಟಿದ್ದಾರೆ, ಕದ್ದ ಕೈಗೆ ಬಣ್ಣ ಹತ್ತಿರುತ್ತೆ," ಅಂದುಬಿಟ್ಟರು. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಗೇಟಿನಲ್ಲಿ ಕೈ ಸಿಕ್ಕಿಬಿದ್ದ ಆ ಸಂಜೆ ಮನೆಯಲ್ಲಿ ಅತ್ತಿಗೆ ಎಂದಿನಂತೆ ತಟ್ಟೆ ಇಟ್ಟಳು. ಇರುವುದೇ ಒಂದು ಕೋಣೆ, ಒಂದು ದೀಪ. ತಟ್ಟೆಯ ಅಂಚು ಹಿಡಿದ ಬೆರಳು ಬೇಡವೆಂದರೂ ಅವನ ಕಣ್ಣಿಗೆ ಬೀಳುತ್ತಿತ್ತು. ಬೂದಿ ಹಾಕಿ ಉಜ್ಜಿದ್ದಳು, ಕಲ್ಲಿನ ಮೇಲೆ ಉಜ್ಜಿದ್ದಳು. ಚರ್ಮ ಸುಲಿದಿತ್ತು, ಬಣ್ಣ ಹೋಗಿರಲಿಲ್ಲ.

"ಯಾಕೋ, ತಿನ್ನೋದು ಬಿಟ್ಟು ನನ್ನ ಕೈ ನೋಡ್ತಾ ಕೂತೆ?"

"ಏನಿಲ್ಲ ಅತ್ತಿಗೆ."

"ನೀನೇನೂ ಮನಸ್ಸಿಗೆ ಹಚ್ಕೋಬೇಡ. ಅವರು ಕೇಳಿದ್ರು, ನೀನು ಇದ್ದದ್ದು ಹೇಳಿದೆ. ಎಲ್ಲರ ಮುಂದೆ ನಿಂಗೆ ಎಷ್ಟು ಕಷ್ಟ ಆಗಿರ್ಬೇಕು!"

ಬೈದಿದ್ದರೆ ಅವನಿಗೆ ಊಟ ಇಳಿಯುತ್ತಿತ್ತೇನೋ. ಅನ್ನ ಕಲಸುತ್ತಲೇ ಇದ್ದ.

"ನಾಳೆ ಸಂಜೆಯೊಳಗೆ ಕದ್ದೆ ಅಂತ ಒಪ್ಕೋಬೇಕಂತೆ," ಅಂದಳು ಅತ್ತಿಗೆ. "ಒಪ್ಕೊಂಡ್ರೆ ನನ್ನೊಬ್ಬಳನ್ನ ಪೊಲೀಸರಿಗೆ ಕೊಡ್ತಾರಂತೆ. ಇಲ್ಲಾಂದ್ರೆ ಶೆಡ್ಡಿನ ಅಷ್ಟೂ ಜನ ಹೊರಗೆ. ಅವರ ಮನೆ ಒಲೆ ಆರ್ಸಿ ನಾನು ನಿದ್ದೆ ಮಾಡ್ಲಾ? ಒಪ್ಕೋತೀನಿ ಬಿಡು."

"ಅತ್ತಿಗೆ!"

"ಒಂದೇ ಒಂದು ಅರ್ಥ ಆಗಲ್ಲ ಕಣೋ. ಮುಂಚೆ ಎಷ್ಟು ಮಣಿ ತೊಳೆದ್ರೂ ಕೈಗೆ ಬಣ್ಣ ಹತ್ತುತ್ತಿರಲಿಲ್ಲ. ಈಗ್ಯಾಕೆ ಹತ್ತುತ್ತೆ?"

ಶೀಸೆಯ ನಾಲಿಗೆಯ ತುದಿಗೆ ಮಾತು ಬಂತು. ಬಿಸಿ ತುಪ್ಪದ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು. ಕಾಯಂ ಕೆಲಸ ಕಣ್ಣ ಮುಂದೆ ಬಂತು. ನುಂಗಿದ.

"ಕೈಗವಸು ಹರಿದಿತ್ತಲ್ಲ, ಅದಕ್ಕೇ ಇರ್ಬೇಕು."

"ಅದೂ ಹೌದು," ಅಂದಳು ಅತ್ತಿಗೆ, ನಂಬಿಬಿಟ್ಟಳು. ಥೂ ನಿನ್ನ, ಅಂತ ಅವನು ತನಗೆ ತಾನೇ ಹೇಳಿಕೊಂಡ. ಅಂಥ ಬೈಗುಳದಿಂದ ಯಾರಿಗೂ ಏನೂ ಆಗುವುದಿಲ್ಲ.

ಮರುದಿನ ಊಟದ ಹೊತ್ತಿಗೆ ಶೆಡ್ಡಿನ ಹೆಂಗಸರು ಲ್ಯಾಬಿನ ಬಾಗಿಲಿಗೇ ಬಂದರು. ಮುಂದೆ ಗಂಟೆ ಇದ್ದಳು. ಬಾಯಿ ತೆರೆದರೆ ಇಡೀ ಕಾರ್ಖಾನೆಗೆ ಕೇಳುತ್ತದೆ ಅಂತ ಅವಳಿಗೆ ಆ ಹೆಸರು.

"ಏನಪ್ಪಾ ಶೀಸೆ ಸಾಹೇಬ್ರೇ, ಒಳಗೇ ಬಚ್ಚಿಟ್ಕೊಂಡಿದ್ದೀರಿ?"

"ಯಾರು ಬಚ್ಚಿಟ್ಟಿದ್ದು? ನಾನೇನೂ ಬಚ್ಚಿಟ್ಟಿಲ್ಲ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. ಗಂಟೆ ಹುಬ್ಬು ಏರಿಸಿದಳು.

"ನಾನು ನಿನ್ನ ಬಗ್ಗೆ ಅಂದೆ ಮಾರಾಯ, ಮಾಲಿನ ಬಗ್ಗೆ ಅಲ್ಲ. ನಿಮ್ಮತ್ತಿಗೆ ಕದಿಯೋಳಾ? ಬಿದ್ದಿರೋ ಗುಂಡುಸೂಜಿನೂ ತಂದು ಮೇಜಿನ ಮೇಲಿಡೋಳು. ನೀನು ಒಂದು ಮಾತು ಹೇಳು ಸಾಕು. ನಮ್ಮ ಮಾತು ಅವ್ರಿಗೆ ನಾಯಿ ಬೊಗಳಿದ ಹಾಗೆ."

"ನೋಡೋಣ," ಅಂದ ಶೀಸೆ.

"ಏನ್ ನೋಡ್ತೀಯೋ? ನೋಡ್ತಾ ನೋಡ್ತಾ ಅವಳನ್ನ ಎಳ್ಕೊಂಡು ಹೋಗ್ತಾರೆ."

ಅವನು ಬಾಗಿಲು ಹಾಕಿಕೊಂಡ.

ಸಂಜೆ ಇನ್ನೊಂದು ಹಂಡೆ ಇಳಿಯಿತು. ಸೋಸಿದ ದ್ರವ ಪೀಪಾಯಿಗೆ ಬಂತು. ಎಂದಿಗಿಂತ ಗಾಢ ಹಳದಿ. ಅವನ ಕಾಲ ಬಳಿ ಇದ್ದಿಲ ಚೀಲವಿತ್ತು. ಕಿಟಕಿಯಾಚೆ ಗೇಟಿನಲ್ಲಿ ಸಾಲು ನಿಂತಿತ್ತು, ಸಾಲಿನಿಂದ ದೂರ ಅತ್ತಿಗೆ ಒಬ್ಬಳೇ. ಮ್ಯಾನೇಜರು ತಪ್ಪೊಪ್ಪಿಗೆಯ ಕಾಗದ ಮುಂದಿಟ್ಟು ಅವಳ ಕೈಗೆ ಪೆನ್ನು ಕೊಟ್ಟರು. ಸುಲಿದ ಬೆರಳಲ್ಲಿ ಅದು ನಿಲ್ಲಲಿಲ್ಲ. ಬಿತ್ತು. ಬಗ್ಗಿ ಎತ್ತಿಕೊಂಡಳು. ಮತ್ತೆ ಬಿತ್ತು.

ಶೀಸೆ ಇದ್ದಿಲ ಚೀಲವನ್ನು ಒದ್ದ. ಬೋಗುಣಿ ತುಂಬ ಹಳದಿ ದ್ರವ ಮೊಗೆದ. ತುಳುಕಿಸಿಕೊಂಡು ಗೇಟಿಗೆ ಓಡಿದ. ಎಲ್ಲರ ಮುಂದೆ ಬೋಗುಣಿ ಇಟ್ಟು ಮಣಿಕಟ್ಟಿನವರೆಗೆ ಕೈ ಅದ್ದಿದ. ತೆಗೆದರೆ ಅತ್ತಿಗೆಯದೇ ಬಣ್ಣ.

"ಇದು ಸೋಸಿದ್ದು. ಒಂದೇ ಒಂದು ಮಣಿ ಇಲ್ಲ ಇದರಲ್ಲಿ. ಲೋಹ ಮಣಿ ಬಿಟ್ಟು ತಾನೇ ಬರ್ತಿದೆ. ಯಾರೂ ಕದ್ದಿಲ್ಲ!"

"ಏಯ್, ತಲೆ ಕೆಟ್ಟಿದೆಯೇನೋ? ನಡಿ ಒಳಗೆ!" ಮ್ಯಾನೇಜರ ಮುಖ ಕಪ್ಪಿಟ್ಟಿತು.

"ಲೋಹ ಬೇಕಾದ್ರೆ ಗೋಡೆ ಹಿಂದೆ ಇದ್ದಿಲ ಕೆಸರಿನ ರಾಶೀಲಿದೆ, ಅಗೆಸಿ ನೋಡಿ. ಇವರು ಹೇಳಿದ್ರು, ನಾನು ಹಾಕಿದೆ. ನಾನೇ ಸುರಿದೆ. ಗೊತ್ತಿದ್ದೂ ಸುಮ್ಮನಿದ್ದೆ."

  ಗಂಟೆ ಸಾಲು ಬಿಟ್ಟು ಬಂದಳು. ಅವನ ಕಡೆ ಉಗಿಯುವ ಹಾಗೆ ಒಮ್ಮೆ ನೋಡಿ, ಬೋಗುಣಿಗೆ ಎರಡೂ ಕೈ ಅದ್ದಿದಳು. ಕಾವಲಿನವಳ ಮೂಗಿನ ಮುಂದೆ ಹಿಡಿದಳು.

"ತಗೋ, ನಾನೂ ಕಳ್ಳಿ. ಬರ್ಕೋ."

ಅವಳ ಹಿಂದೆ ಇನ್ನೊಬ್ಬಳು. ಅವಳ ಹಿಂದೆ ಮತ್ತೊಬ್ಬಳು. ಬೋಗುಣಿ ಬರಿದಾಗುವವರೆಗೆ ಬಂದರು. ಯಾರೂ ಜಡೆ ಬಿಚ್ಚಲಿಲ್ಲ, ಯಾರೂ ನಾಲಿಗೆ ಎತ್ತಲಿಲ್ಲ. ಚಾಚಿದ್ದು ಅಂಗೈ ಮಾತ್ರ, ಸಾಲಿನುದ್ದಕ್ಕೂ ಹಳದಿ. ಕಾವಲಿನವಳು ಟಾರ್ಚು ಆರಿಸಿದಳು. ಮ್ಯಾನೇಜರು ಗೇಟಿಗೆ ಬೀಗ ಹಾಕಿಸಿ, ಪೊಲೀಸರಿಗೆ ಫೋನು ಮಾಡುತ್ತೇನೆಂದು ಆಫೀಸಿಗೆ ಹೋದರು.

"ಮಾಡ್ಲಿ," ಅಂದಳು ಗಂಟೆ. "ಕರಿ ರಾಶಿ ಅಗೆಯೋವರೆಗೂ ನಾವು ಇಲ್ಲಿಂದ ಕದಲಲ್ಲ. ಕೂತ್ಕೊಳ್ರೇ ಎಲ್ಲ!"

ಹೆಂಗಸರು ನೆಲಕ್ಕೆ ಕೂತರು. ಅತ್ತಿಗೆ ಬಿದ್ದ ಪೆನ್ನನ್ನು ಎತ್ತಲಿಲ್ಲ. ಶೀಸೆಯ ಹತ್ತಿರ ಬಂದು ಅವನ ಹಳದಿ ಕೈ ಹಿಡಿದು ತಿರುಗಿಸಿ ನೋಡಿದಳು. ತಲೆ ಸವರುತ್ತಾಳೆ ಅಂದುಕೊಂಡ ಅವನು.

"ನಿನ್ನೆ ಎಲ್ಲಿಟ್ಟಿದ್ದೆಯೋ ಈ ಕೈನ? ನನ್ನ ತಟ್ಟೇಲಿ ಉಣ್ತಾ ಇತ್ತಲ್ಲ?"

 ಅವಳು ಕೈ ಬಿಟ್ಟು ಹೋಗಿ ಹೆಂಗಸರ ನಡುವೆ ಕೂತಳು. ಅವನಿಗೆ ಜಾಗ ಮಾಡಿಕೊಡು ಅಂತ ಯಾರಿಗೂ ಹೇಳಲಿಲ್ಲ. ಪಕ್ಕದ ಬಾಗಿಲು ತೆರೆದೇ ಇತ್ತು, ಲ್ಯಾಬಿನವರು ಹೋಗುವ ಬಾಗಿಲು. ಶೀಸೆ ಅತ್ತ ಹೋಗಲಿಲ್ಲ. ಕೂತಿದ್ದ ಸಾಲಿನ ಕೊನೆಗೆ ಬಂದು ಚಪ್ಪಲಿ ಕಳಚಿ ಕೊಡವಿದ, ಅಂಗೈ ಮುಂದೆ ಚಾಚಿ ನಿಂತ.