ಉಸಿರನ್ನು ಒಳಗೆಳೆದು ಹೌದೆನ್ನುವ ಹಿಲ್ಕಾ

ಹಿಲ್ಕಾ ಪೆಸೊನೆನ್ ‘ಯೋ’ ಎಂದು ಹೌದೆನ್ನುವುದು ಉಸಿರನ್ನು ಒಳಕ್ಕೆಳೆದುಕೊಳ್ಳುತ್ತ. ಉತ್ತರದ ಹಿಮನಾಡಿನ ಬಂದರು ಪಟ್ಟಣ ಕೊಟ್ಕಾದಲ್ಲಿ, ಅವಳಿರುವ ಹಳೆಯ ವಸತಿ ಕಟ್ಟಡದಲ್ಲಿ, ಹಾಗೆನ್ನುವವರು ಬೇರೆಯವರೂ ಇದ್ದಾರೆ, ಆದರೆ ತಣ್ಣನೆಯ ಗಾಳಿಯ ಜೊತೆಗೆ ಒಂದು ಅಪ್ರಿಯ ಸತ್ಯವನ್ನೂ ನುಂಗಿದವಳಂತೆ ತೋರುವುದು ಇವಳೊಬ್ಬಳೇ. ಬಂದರಿನ ಕ್ರೇನ್ ನಡೆಸಿ ನಿವೃತ್ತಳಾದ ಮೇಲೆ ಅವಳ ಓದೆಲ್ಲ ವಿಜ್ಞಾನ ಕಾದಂಬರಿಗಳದು. ಹಸಿರು ಕೋಟಿನ ಜೇಬುಗಳು ಪುಸ್ತಕದ ಆಕಾರಕ್ಕೆ ಜೋತುಬಿದ್ದಿವೆ. ನಡಿಗೆ ಇಂದಿಗೂ ಏಣಿ ಇಳಿಯುವವರದು, ನೆಲವನ್ನು ಪಾದದಿಂದ ತಡವಿ ನೋಡುವಂಥದು.

ಅವಳ ವಿಮರ್ಶೆ ನಡೆಯುವುದು ನೆಲಮಾಳಿಗೆಯ ಒಗೆಯುವ ಕೋಣೆಯಲ್ಲಿ. ಒಗೆದ ಚಾದರವನ್ನು ಇಬ್ಬರು ಎದುರುಬದುರು ಹಿಡಿದು ಜಗ್ಗಿ ಮಡಚುವುದು ಅಲ್ಲಿಯ ರೂಢಿ. ಅದರ ಇನ್ನೊಂದು ತುದಿ ಮೂರನೆಯ ಮಹಡಿಯ ವೆನ್ಲಾಳ ಕೈಯಲ್ಲಿ. ಅವಳ ಹಸುಗೂಸು ಔಕು, ಅಲ್ಲಿಯ ಎಲ್ಲ ಕೂಸುಗಳಂತೆ, ಹಿಮ ಬಿದ್ದ ಅಂಗಳದಲ್ಲಿ ತಳ್ಳುಗಾಡಿಯೊಳಗೆ ಮಲಗಿರುತ್ತದೆ. ವೆನ್ಲಾಳ ಕಣ್ಣು ಕಿಟಕಿ ಬಿಟ್ಟು ಕದಲುವುದಿಲ್ಲ.

“ಮಂಗಳ ಗ್ರಹದ ಪುಸ್ತಕ ಹೇಗಿತ್ತು?” ವೆನ್ಲಾ ಕೇಳುತ್ತಾಳೆ.

“ಚಳಿ ಗೊತ್ತಿಲ್ಲದೋನು ಬರ್ದಿದ್ದು ಕಣೇ. ಊರಿಗೆ ಊರೇ ಹೆಪ್ಪುಗಟ್ಟಿದೆ, ಒಂದು ಒದ್ದೆ ಕೈಗವಸಿಲ್ಲ. ಜಗ್ಗು.”

“ನಕ್ಷತ್ರಕ್ಕೆ ಹೋಗೋ ಹಡಗಿಂದು?”

“ಮೂರು ತಲೆಮಾರು ಹೋಗ್ತಾರೆ, ಒಬ್ರೂ ಬಟ್ಟೆ ಒಗೆಯಲ್ಲ. ಹಡಗು ನಡೆಸೋ ಆ ಮಾತಾಡೋ ಯಂತ್ರವೋ, ನಮ್ಮ ಬಂದರಿನ ಮೇಸ್ತ್ರಿ ಥರ, ಕೆಲಸ ಬಿಟ್ಟು ಬರೀ ಉಪದೇಶ.”

ದಣಿದ ಈ ದನಿಯೇ ವೆನ್ಲಾಳಿಗೆ ಆಸರೆ. ಔಕುವಿಗೆ ಕೆಮ್ಮು ಹಿಡಿದಾಗ, ದಾದಿ ಏನೂ ಇಲ್ಲವೆಂದಿದ್ದರೂ, ಹಿಲ್ಕಾ ಗಾಡಿಯೊಳಗೆ ಕಿವಿಯಿಟ್ಟು “ವಾಸಿಯಾಗ್ತದೆ” ಎಂದ ಮೇಲೆಯೇ ಅವಳು ನಿದ್ದೆ ಮಾಡಿದ್ದು.

ಹೀಗಿರುವಾಗ ಮುಳುಗಿದ ನಗರವೊಂದರ ಕಾದಂಬರಿ ಬಂತು. ಹಿಲ್ಕಾ ಓದಿ ಮುಗಿಸಿದ್ದನ್ನು ತಾನು ಓದಲು ಒಯ್ಯುವ ಮೊದಲು ವೆನ್ಲಾ ಎಂದಿನಂತೆ ಕೇಳಿದಳು: “ಅದ್ರಲ್ಲಿರೋ ಮಗು ಉಳೀತದಾ?”

“ಯೋ.”

ಪುಸ್ತಕದ ಮಗು ಉಳಿಯಲಿಲ್ಲ. ಮರುವಾರ ವೆನ್ಲಾ ಚಾದರವನ್ನು ಒರಟಾಗಿ ಜಗ್ಗಿದಳು. “ಸುಳ್ಳು ಹೇಳಿದ್ರಿ. ಹಾಗಾದ್ರೆ ಔಕು ಕೆಮ್ಮಿನ ಮಾತು? ಅದಿನ್ನೂ ಕೆಮ್ತಾನೇ ಇದೆ. ಅದನ್ನ ನಾನು ಹೇಗೆ ನಂಬ್ಲಿ?”

ಹಿಲ್ಕಾ ತನ್ನ ತುದಿಯನ್ನು ಸಡಿಲಬಿಟ್ಟಳು. “ಕೆಟ್ಟ ಪುಸ್ತಕದಲ್ಲಿ ಮಗು ಸತ್ರೆ ಯಾರ ನಿದ್ದೆಯೂ ಕೆಡಲ್ಲ ಹುಡುಗಿ. ಇದು ಒಳ್ಳೇದು. ಈ ವರ್ಷ ಓದಿದ್ರಲ್ಲಿ ಇದೊಂದೇ. ನಿನ್ನ ಕಣ್ಣ ಕೆಳಗಿನ ಕಪ್ಪು ನೋಡ್ದೆ, ನಾಲಿಗೆ ಜಾರ್ತು.”

ಆಗ ವೆನ್ಲಾಳಿಗೆ ನೆನಪಾಯಿತು: ಅಂದಿನ ಆ ‘ಯೋ’ ಉಸಿರಿನೊಡನೆ ಹೊರಕ್ಕೆ ಬಂದಿತ್ತು, ಒಳಕ್ಕೆ ಹೋಗಿರಲಿಲ್ಲ.

“ಕೆಮ್ಮು ವಾಸಿಯಾಗ್ತದಾ?” ಅವಳು ಉಸಿರು ಬಿಗಿಹಿಡಿದು ಕೇಳಿದಳು.

ಹಿಲ್ಕಾಳ ಉಸಿರು ಒಳಕ್ಕೆ ಹೋಯಿತು. “ಯೋ. ಜಗ್ಗು ಈಗ.”

ಬರಲಿರುವ ಕಾಲವನ್ನು ಓದಿ ಓದಿ ದಣಿದವರ ಬಗೆಯೇ ಹೀಗೆ. ಯಾರದೋ ಮಗು ಮುಂದೆ ಬಾಳಬೇಕಾದ ಮನೆಗೆ ತಾವೇ ಮೊದಲು ಹೋಗಿ, ಒಲೆ ಎಲ್ಲಿ, ಬಟ್ಟೆ ಒಣಹಾಕುವ ಹಗ್ಗ ಎಲ್ಲಿ ಎಂದು ಗೊಣಗುತ್ತ ಕೋಣೆಯಿಂದ ಕೋಣೆಗೆ ನಡೆಯುತ್ತಾರೆ.