ಫ್ಲೆಕ್ಸಿನ ಮೇಲಿನ ಅಮರಮ್ಮ

ಕಿಟಕಿಯ ಗಾಜು ಗಡಗಡ ಅನ್ನುತ್ತಲೇ ಇದೆ, ಬೆರಳಿಟ್ಟು ಒತ್ತಿದರೆ ಸುಮ್ಮನಾಗುತ್ತದೆ, ಬಿಟ್ಟರೆ ಮತ್ತೆ ಶುರು, ಆಚೆ ಭತ್ತದ ಗದ್ದೆಯಲ್ಲಿ ಬಗ್ಗಿದ ಹೆಂಗಸರ ಸಾಲು, ನೀರಿನ ಮೇಲೆ ಬಿದ್ದ ಬೆಳಕು, ಅಲ್ಲಾ, ಈ ಬೆಳಕಿಗೆ ಕೈಯಲ್ಲಿ ಕ್ಯಾಮೆರಾ ಇರಬೇಕಿತ್ತು, ನಗ್ಮಾಳ ಕೈಯಲ್ಲಿ ಈಗಿರುವುದು ಪೆನ್‌ಡ್ರೈವು, ಬೆವರಿಗೆ ಜಾರುತ್ತಿದೆ, ಅದರೊಳಗೆ ಒಂದೇ ಸಿನಿಮಾದ ಎರಡು ರೂಪ, ಒಂದರಲ್ಲಿ ಅಮರಮ್ಮ ಆ ಮಾತು ಆಡುತ್ತಾಳೆ, ಇನ್ನೊಂದರಲ್ಲಿ ಆಡುವುದಿಲ್ಲ, ಮಧ್ಯಾಹ್ನ ಲಿಂಗಸುಗೂರಿನ ಸಭಾಭವನದಲ್ಲಿ ಯಾವುದನ್ನು ಹಾಕುವುದು, ಸಿಂಧನೂರಲ್ಲಿ ಬಸ್ಸು ಹತ್ತಿದಾಗಿನಿಂದ ಇದೇ ಗಿರಣಿ ತಲೆಯಲ್ಲಿ. ಸಿನಿಮಾ ಮಾಡಿಸಿದ ಸಂಸ್ಥೆಯ ಗಾಯತ್ರಿ ಮೇಡಂ ನೋಡಿದ್ದು ಮೊದಲನೆಯದನ್ನು, ನೋಡಿ ಕುರ್ಚಿಯಿಂದ ಎದ್ದೇಬಿಟ್ಟಿದ್ದರು, ನಗ್ಮಾ ಆ ಒಂದು ಮಾತಽ ಇಡೀ ಸಿನಿಮಾ, ಅದನ್ನ ಮುಟ್ಟಬ್ಯಾಡ, ಮುಂದಿನ ಸಿನಿಮಾಗಳೆಲ್ಲಾ ನಿನಗಽ. ನಿಜವೇ ಅದು. ಮಸ್ಕಿಯ ಹೆಂಗಸರು ಕೂಡಿ ಕಟ್ಟಿದ ರೊಟ್ಟಿ ಕೇಂದ್ರ, ಹೊಗೆ, ಹಿಟ್ಟು, ಸಾಲು ಸಾಲು ಹಂಚು, ಅಂಥದ್ದನ್ನು ಯಾರು ಬೇಕಾದರೂ ತೆಗೆಯುತ್ತಾರೆ, ಆದರೆ ಅಮರಮ್ಮ ರೊಟ್ಟಿ ಬಡಿಯುತ್ತ ಬಡಿಯುತ್ತ ತಲೆ ಎತ್ತಿ, ಎಲ್ಲಾರೂ ನಮ್ಮನ್ನ ಗಂಡ ಬಿಟ್ಟಾನ ಅಂತಾರವ್ವಾ, ನನ್ನ ಗಂಡನ್ನ ನಾನಽ ಬಿಟ್ಟೀನಿ, ಕುಡದು ಬಡೀತಿದ್ದ, ಒಂದಿನ ಬಾಗಿಲಾ ಮುಂದ ಮಾಡಿ ಮಗಳನ್ನ ಎತಗೊಂಡು ನಡದೆ ನೋಡು ಅಂದು, ಹಲ್ಲೆಲ್ಲ ಕಾಣುವಂತೆ ನಕ್ಕಾಗ ಕ್ಯಾಮೆರಾದ ಹಿಂದೆ ನಗ್ಮಾಳ ಮೈ ಜುಮ್ಮೆಂದಿತ್ತು. ಅಲ್ಲಿಗೇ ಮುಗಿದಿದ್ದರೆ. ಸೆರಗಿಗೆ ಸಿಕ್ಕಿಸಿದ ಮೈಕು ಬಿಚ್ಚುವುದು ಮರೆತುಹೋಯಿತು, ಚಾ ಮಾಡಾಕ ಅಂತ ಅಮರಮ್ಮ ಒಳಗೆ ಹೋದಳು, ಅವಳ ದನಿ ಗೋಡೆಯಾಚೆಯಿಂದ ಹೆಡ್‌ಫೋನಿನಲ್ಲಿ ನೆಟ್ಟಗೆ ನಗ್ಮಾಳ ಕಿವಿಗೆ, ಪಕ್ಕದ ಮನೆಯ ಜೈನಾಬಿಯ ಹತ್ತಿರ ಪಿಸುಪಿಸು, ಹಟ್ಟಿ ಊರಿನ ಬೀಗರಿಗೆ ನನ್ನ ಗಂಡ ಸತ್ತಾನಂತ ಹೇಳಿ ಮಗಳನ್ನ ಕೊಟ್ಟೀವಲ್ಲಬೇ, ಗೊತ್ತಾದ್ರ ಪ್ರಿಯಾಂಕಾನ್ನ ಬಸುರಿ ಅಂತನೂ ನೋಡದಽ ಮನಿಗೆ ಅಟ್ಟತಾರ. ಮತ್ತ ಬ್ಯಾಡ ಅನಬೇಕಿಲ್ಲೇನು ಆ ಕ್ಯಾಮೆರಾದ ಹುಡುಗಿಗೆ, ಅಂತ ಜೈನಾಬಿ. ಹ್ಯಾಂಗ ಅನ್ಲಿ, ಬಿಸಲಾಗ ಅಷ್ಟು ದೂರಿಂದ ಬಂದೈತಿ ಕೂಸು, ಒಂದು ಬಟ್ಟಲಾ ಸಕ್ಕರಿ ಕೊಡು, ಚಾಕ್ಕ. ಆ ಸಕ್ಕರೆಯ ಚಹಾವನ್ನೇ ನಗ್ಮಾ ಕುಡಿದದ್ದು. ಚಲೋ ಆಗೇದ ಅಮರಮ್ಮ ಅಂದದ್ದು. ಆ ಮಾತು ಹಾಕಲೇ ಅಂತ ಕೇಳಬಹುದಿತ್ತು, ಈಗಲೂ ಕೇಳಬಹುದು, ಆದರೆ ಕೇಳಿದರೆ ಏನಂತಾಳೆ, ಹಾಕವ್ವಾ ಹಾಕು ಅಂತಾಳೆ, ಮತ್ತೆ ಸಕ್ಕರೆ ಇಸ್ಕೊಂಡು ಬರುತ್ತಾಳೆ.

ಮಸ್ಕಿ, ಮಸ್ಕಿ, ಲಗೂ ಇಳೀರಿ, ಕಂಡಕ್ಟರನ ಕೂಗು, ಹೊರಗೆ ಬೆಟ್ಟದ ಬಂಡೆ ಕಾದು ಹೊಳೆಯುತ್ತಿದೆ, ಇಳಿದು ಅವಳ ಮನೆಗೆ ಓಡಲೇ ಅಂತ ಕಾಲು ಎತ್ತುವಷ್ಟರಲ್ಲಿ ಅಮರಮ್ಮನೇ ಬಸ್ಸು ಹತ್ತುತ್ತಿದ್ದಾಳೆ, ತಲೆಯ ಮೇಲೆ ರೊಟ್ಟಿಯ ಗಂಟು, ಏ ಸರಿಯಪಾ, ರೊಟ್ಟಿ ಮುರದ್ರ ನೀನಽ ತಿನ್ನಬೇಕಾಕ್ಕೈತಿ, ಬಸ್ಸಿಗೆ ಬಸ್ಸೇ ನಕ್ಕಿತು, ಅಗಾ ನಗ್ಮವ್ವಾ ಇಲ್ಲೇ ಅದೀಯಾ ಅನ್ನುತ್ತ ಪಕ್ಕದಲ್ಲಿ ಧೊಪ್ಪನೆ ಕೂತಳು, ಸುಟ್ಟ ಜೋಳದ ವಾಸನೆ, ಕಿವಿಯ ಹತ್ತಿರ ಬಾಯಿ, ಗಾಯತ್ರಿ ಮೇಡಮ್ಮಾರು ಹಟ್ಟಿಗೂ ಫೋನ್ ಹಚ್ಯಾರಂತ, ಬೀಗತಿ ಬರಾಕತ್ತಾಳ, ಪ್ರಿಯಾಂಕಾನೂ, ನನಗ ಮುಂಜಾನೆ ಗೊತ್ತಾತು, ಅವತ್ತ ಬಾಯಿಗೆ ಬಂದದ್ದೆಲ್ಲಾ ಆಡೀನಿ, ಅದನ್ನ ಹಾಕಿಲ್ಲ ಹೌದಲ್ಲೋ? ಇಲ್ಲ ಅಮರಮ್ಮ, ತಗದೀನಿ — ನಗ್ಮಾಳ ಬಾಯಿ ಅಂದೇಬಿಟ್ಟಿತು, ಇಷ್ಟು ಸಲೀಸಾಗಿ, ಎಷ್ಟು ರಾತ್ರಿ ಹೊರಳಾಡಿದ್ದು ಒಂದು ಉಸಿರಿನಲ್ಲಿ ಮುಗಿದುಹೋಯಿತು, ಎರಡನೆಯದನ್ನೇ ಹಾಕುವುದು, ಮೇಡಂ ಬೈಯಲಿ, ಮುಂದಿನ ಸಿನಿಮಾ ಬೇರೆಯವರಿಗೆ ಹೋಗಲಿ, ಅಬ್ಬಾ, ಕಿಟಕಿಯ ಗಾಳಿ ಈಗ ತಂಪಾಗಿದೆ. ನೀ ಶಾಣೇಕಿ ಬಿಡು ಅಂತ ಅಮರಮ್ಮ ತೊಡೆ ತಟ್ಟಿದಳು, ತಟ್ಟಿದ ಕೈ ಸದ್ದೇ ಮಾಡಲಿಲ್ಲ, ಅವತ್ತು ರೊಟ್ಟಿಯ ಜೊತೆ ಗಲಗಲ ಅಂದ ಹಸಿರು ಬಳೆ ಎಲ್ಲಿ, ನಗ್ಮಾ ಕಣ್ಣೆತ್ತಿದಳು, ಹಣೆ ಬರಿದು. ಬರಿದಲ್ಲ, ಒರೆಸಿದ ಹಣೆ, ನಡುವೆ ಕಾಸಿನಗಲ ಬೆಳ್ಳಗಿನ ಗುರುತು, ಬಿಸಿಲು ಮುಟ್ಟದ ಚರ್ಮ, ಅಂಚಿಗೆ ಇನ್ನೂ ಒಂಚೂರು ಕೆಂಪು. ಹಟ್ಟಿಯವರ ಮುಂದ ಹಿಂಗಽ ಇರಬೇಕಲ್ಲವ್ವಾ, ಮುಂಡಿ ಅಲ್ಲೇನು ನಾನು, ಅಂತ ಅಮರಮ್ಮ ಕಣ್ಣು ಮಿಟುಕಿಸಿದಳು, ಆಮೇಲೆ ದನಿ ಇನ್ನೂ ಇಳಿಸಿ, ಅವತ್ತ ಹಣಿಮ್ಯಾಲ ಕುಂಕುಮ ಇತ್ತು, ಅಷ್ಟು ಸಣ್ಣದು ಪಡದಿ ಮ್ಯಾಲ ಕಾಣಸಂಗಿಲ್ಲ ಹೌದಲ್ಲೋ?

 ನಗ್ಮಾ ಆ ಮಾತು ಕತ್ತರಿಸಿದಳು, ಮುಖ ಉಳಿಸಿದಳು, ಪ್ರತಿ ಚೌಕಟ್ಟಿನಲ್ಲೂ ಆ ಕುಂಕುಮ, ಅಲ್ಲಾ, ಅದನ್ನು ಇನ್ನಷ್ಟು ಕೆಂಪು ಮಾಡಿದವಳೂ ಇವಳೇ, ಅಪ್ಪ ಚಾಂದ್‌ಪಾಷಾರ ಮದುವೆ ವಿಡಿಯೋ ಅಂಗಡಿಯಲ್ಲಿ ಕೂತು ಕಲಿತದ್ದು, ದುಲ್ಹನ್ ಕೆ ಲಾಲ್ ರಂಗ್ ಕು ಉಠಾನಾ ಬೇಟಿ, ಮದುಮಗಳ ಕೆಂಪು ಬಣ್ಣ ಎದ್ದರೆ ಮನಿ ಮಂದಿ ಖುಷ್, ಅದೇ ಕೈರೂಢಿ, ಎತ್ತಿದಳು, ಎತ್ತಿದಳು, ಮುಚ್ಚಿದ ಕಣ್ಣಿನೊಳಗೂ ಉರಿಯುವಷ್ಟು ಎತ್ತಿದಳು. ಸಿನಿಮಾ ಹಾಕುವುದೇ ಬೇಡ, ಪೆನ್‌ಡ್ರೈವು ಓಡಲಿಲ್ಲ ಅಂದುಬಿಟ್ಟರಾಯಿತು, ಹೌದು, ಕಳೆದುಹೋಯಿತು ಅನ್ನಬಹುದು, ಕಿಟಕಿಯಿಂದಲೇ ಒಗೆದುಬಿಡಬಹುದು — ಫೋನು ಟಿಣ್ ಅಂದಿತು, ಗಾಯತ್ರಿ ಮೇಡಂ ಕಳಿಸಿದ ಫೋಟೋ, ಸರ್‌ಪ್ರೈಸ್ ನಗ್ಮಾ, ಹ್ಯಾಂಗೈತಿ ಹೇಳು, ಸಭಾಭವನದ ಗೇಟಿಗೆ ಆಳೆತ್ತರದ ಫ್ಲೆಕ್ಸು, ಫ್ಲೆಕ್ಸಿನ ತುಂಬ ಸಿನಿಮಾದಿಂದ ಕಿತ್ತ ಅಮರಮ್ಮನ ಮುಖ, ಹಣೆಯ ನಡುವೆ ರೊಟ್ಟಿಯಗಲದ ಕೆಂಪು. ತಮ್ಮ ಮುಜಾಹಿದ್ ಪ್ರೊಜೆಕ್ಟರ್ ತಗೊಂಡು ಮುಂಚೆಯೇ ಹೋಗಿದ್ದಾನೆ, ಎತ್ತೋ, ಫೋನ್ ಎತ್ತೋ, ಮುಜ್ಜೂ ಆ ಫ್ಲೆಕ್ಸ್ ಇಳಿಸು, ಈಗಿಂದೀಗ. ಯಾಕಕ್ಕಾ, ಚಲೋ ಬಂದೈತಲ್ಲ, ಈಗಷ್ಟಽ ಕಟ್ಟೀವಿ. ಇಳಿಸಂದ್ರ ಇಳಿಸು! ತಡಿಯಕ್ಕಾ, ಇಬ್ರು ಹೆಂಗಸರು ಅದರ ಮುಂದಽ ನಿಂತಾರ, ಬಂದಾಗಿಂದ ನೋಡಾಕತ್ತಾರ, ಒಬ್ಬಾಕಿ ಬಸುರಿ, ಸರೀರಿ ಅಂದ್ರೂ ಸರಿಯವಲ್ಲರು. ಯಾರವ್ವಾ, ನಮ್ಮ ಪ್ರಿಯಾಂಕಾ ಬಂದಳಂತೇನು, ಅಮರಮ್ಮ ಫೋನಿಗೇ ಬಾಗಿದ್ದಾಳೆ, ಮುಖ ಅರಳಿದೆ, ನಗ್ಮಾಳ ಕಣ್ಣು ಮಾತ್ರ ಅಲ್ಲೇ, ಆ ಒರೆಸಿದ ಹಣೆಯ ಮೇಲೆ, ಕಾಸಿನಗಲದ ಬೆಳ್ಳಗಿನ ಗುರುತು, ಅಂಚಿಗೆ ಉಳಿದ ಒಂಚೂರು ಕೆಂಪು, ಆ ಕೆಂಪು —