ಎರಡು ತೂಕ

ಮೃಗಾಲಯದ ವೈದ್ಯೆಗೆ ಅರಿವಳಿಕೆಯ ಲೆಕ್ಕ ಹಾಕಿಕೊಡುವ ಪ್ರೋಗ್ರಾಂ ಬರೆದವಳು ಅವಳ ಸ್ವಂತ ತಂಗಿ. ಡೇಟಾಬೇಸಿನಿಂದ ಬಂದ, ಪ್ರಾಣಿಯೊಂದರ ಮಾಹಿತಿಯ ಸಾಲಿನಲ್ಲಿ ಯಾವ ಅಂಕಣ ಎಷ್ಟನೆಯದೆಂದು ಎಣಿಸುವ ಗೋಜಿರಲಿಲ್ಲ. ಹೆಸರು ಹಿಡಿದು 'ತೂಕ' ಎಂದು ಕೇಳಿದರೆ ಸಾಕು, ಪ್ರಾಣಿಯ ತೂಕ ಬಂದು ನಿಲ್ಲುತ್ತಿತ್ತು. ಅದಕ್ಕೆ ತಕ್ಕಷ್ಟು ಔಷಧ.

"ಪ್ರಾಣಿ ನಮ್ಮಲ್ಲಿಗೆ ಬಂದಾಗ ಮಾಡಿದ ತಪಾಸಣೆ ವಿವರನೂ ಅಲ್ಲೇ ಕಾಣೋ ಹಾಗೆ ಮಾಡೇ" ಎಂದು ಅಕ್ಕ ಹಿಂದಿನ ದಿನ ಕೇಳಿದ್ದಳು. ತಂಗಿ ಆ ವಿವರಗಳಿದ್ದ ಕೋಷ್ಟಕವನ್ನೂ ಜೋಡಿಸಿದ್ದಳು. ಹೂ ಎತ್ತಿದಷ್ಟು ಸುಲಭದ ಕೆಲಸ.

ಬೆಳಿಗ್ಗೆ ಮೃಗಾಲಯದ ಕಚೇರಿಯಲ್ಲಿ ಕೂತು ಸುಮ್ಮನೆ ಅಲ್ಲಿನ ಕರಡಿಯೊಂದರ ವಿವರ ತೆರೆದ ತಂಗಿ ತೂಕದ ಅಂಕಿಯನ್ನು ಎರಡೆರಡು ಸಲ ಓದಿದಳು. ಹೊಸ ಕೋಷ್ಟಕದಲ್ಲೂ 'ತೂಕ' ಎಂಬ ಅಂಕಣವಿತ್ತು. ಒಂದೇ ಹೆಸರು ಎರಡಾದಾಗ ಪ್ರೋಗ್ರಾಂ ಕೊನೆಗೆ ಬಂದದ್ದನ್ನೇ ಉಳಿಸಿಕೊಂಡಿತ್ತು. ಅದು ಕರಡಿ ಇನ್ನೂ ಎಳೆಯದಾಗಿ, ಈಗಿನ ಅರ್ಧದಷ್ಟಿದ್ದಾಗಿನ ತೂಕ!

ಎಂದೂ ತಪ್ಪದ ಲೆಕ್ಕವೆಂದು ನಂಬಿ ಅಕ್ಕ ಸಿರಿಂಜು ತುಂಬಿಸಿ ಕರಡಿಗೆ ಚುಚ್ಚಿದ್ದಳು. ಕೊಳೆತ ಹಲ್ಲು ಕೀಳಲು ಆಗಲೇ ಬೋನಿನೊಳಗೆ ಹೋಗಿದ್ದಳು.

ಅಕ್ಕನ ಫೋನ್ ಆಫ್ ಆಗಿತ್ತು. ತಂಗಿ ಎದ್ದೆನೋ ಬಿದ್ದೆನೋ ಎಂದು ಓಡಿದಳು. ಬೋನಿನ ಹತ್ತಿರ ಕೂಗಲು ಬಾಯಿ ತೆರೆದವಳು ತಾನೇ ಕೈಯಿಂದ ಮುಚ್ಚಿಕೊಂಡಳು. ಅರೆನಿದ್ದೆಯ ಕರಡಿಯನ್ನು ಎಬ್ಬಿಸಲು ಒಂದು ಕೂಗು ಸಾಕು.

ಸರಳುಗಳಾಚೆ ಅಕ್ಕ ಮಂಡಿಯೂರಿದ್ದಳು. ಅವಳ ಮುಂಗೈ ಕರಡಿಯ ಬಾಯೊಳಗಿತ್ತು. ಕರಡಿಯ ಕಿವಿ ಒಮ್ಮೆ ಅದುರಿತು.

"ಅಕ್ಕಾ, ಕೈ ತೆಗಿ," ತಂಗಿ ಪಿಸುಗುಟ್ಟಿದಳು. "ಕೊಟ್ಟಿರೋದು ಅರ್ಧ ಔಷಧ."

ಅಕ್ಕ ತಿರುಗಲಿಲ್ಲ, ಯಾಕೆಂದೂ ಕೇಳಲಿಲ್ಲ. ಮಲಗಿದ ಕೂಸಿನ ತಲೆಯಡಿಯಿಂದ ತೋಳು ಬಿಡಿಸಿಕೊಳ್ಳುವ ಹಾಗೆ ಕೈ ಹೊರತೆಗೆದಳು. ಇಕ್ಕಳವನ್ನು ಅಲ್ಲೇ ಬಿಟ್ಟು ತೆವಳುತ್ತಾ ಹಿಂದೆ ಸರಿದಳು. ಬಾಗಿಲು ಹಿಡಿದು ನಿಂತಿದ್ದ ಕಾವಲುಗಾರ ಮೂಗಿನ ತುದಿಗಿಳಿದ ಬೆವರನ್ನೂ ಒರೆಸಿಕೊಳ್ಳಲಿಲ್ಲ.

ಕರಡಿ ಕಣ್ಣು ಬಿಟ್ಟಿತು. ಮೊದಲು ಎಲ್ಲೋ ನೋಡಿತು, ಆಮೇಲೆ ಅಕ್ಕನನ್ನು.

"ಬನ್ನಿ!" ಎಂದವನೇ ಕಾವಲುಗಾರ ಅವಳ ಕೊರಳಪಟ್ಟಿ ಹಿಡಿದು ಆಚೆ ಎಳೆದ. ಬಾಗಿಲು ಬಿತ್ತು. ಮರುಕ್ಷಣ ಕರಡಿಯ ಇಡೀ ಮೈ ಸರಳುಗಳಿಗೆ ಅಪ್ಪಳಿಸಿತು. ನೆಲ ಕೂಡ ನಡುಗಿತು.

ಅಕ್ಕ ಅಲ್ಲೇ ಕುಸಿದು ಕೂತು ಕೈ ಚಾಚಿ ತೋರಿಸಿದಳು. "ಐದೂ ಇದೆ ನೋಡೇ." ನಗಲು ಹೋದಳು, ತುಟಿ ಮಾತು ಕೇಳಲಿಲ್ಲ. ತಂಗಿ ಒಂದೊಂದೇ ಬೆರಳು ಮುಟ್ಟಿ ನೋಡಿದಳು.

ಮಧ್ಯಾಹ್ನ ತಂಗಿ ಅಂಕಣಗಳಿಗೆ 'ಈಗಿನ ತೂಕ', 'ಬಂದಾಗಿನ ತೂಕ' ಎಂದು ಬೇರೆ ಬೇರೆ ಹೆಸರಿಟ್ಟಳು.

ಮುಂದಿನ ವಾರ ಕರಡಿ ಗಾಢವಾಗಿ ಮಲಗಿತು, ಕೊಳೆತ ಹಲ್ಲೂ ಕಿತ್ತು ಬಂತು. ಅಷ್ಟು ಹೊತ್ತೂ ತಂಗಿ ಕಚೇರಿಯಲ್ಲಿ ಕೂತು ಅದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುತ್ತಿದ್ದಳು. "ಮುಗೀತು, ಬಾರೇ" ಎಂದು ಅಕ್ಕ ಹಿಂದಿನಿಂದ ಭುಜ ಮುಟ್ಟಿದಾಗ ಕುರ್ಚಿ ಉರುಳುವಂತೆ ಬೆಚ್ಚಿ ಎದ್ದಳು.